ಸಂತೋಷದ ಅಡ್ಡಗೀಟು

"‘ನಮ್ಮ ಮುಖ್ಯಸ್ಥರ ದೊಡ್ಡ ಕಳ್ಳತನ.’ ಅಬ್ಬಾ! ಇಷ್ಟು ದಪ್ಪ ಅಕ್ಷರದಲ್ಲಾ?" ಹೊಸ ಸಮುದಾಯ ಭವನದ ಬ್ಯಾನರ್ ಓದಿ ಮಾಪ್ಪಾ ಅಜ್ಜಿ ಕೈಗವಸಿನಿಂದ ಬಾಯಿ ಮುಚ್ಚಿಕೊಂಡಳು.

ಭವನದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕ್ಯುನ್ನೇಯ್ ತಲೆಯೆತ್ತಿದಳು. ‘ಕಳ್ಳತನ’ದ ಜಾಗದಲ್ಲಿರಬೇಕಾದದ್ದು ‘ಸಂತೋಷ’. ಆ ಊರಿನವರ ಸಖಾ ಭಾಷೆಯ ಸಂತೋಷಕ್ಕೆ ರಷ್ಯನ್ ಕೀಬೋರ್ಡಿನಲ್ಲಿಲ್ಲದ ಎರಡು ಅಕ್ಷರ ಬೇಕು: ನೆಟ್ಟನೆ ಬಾಲದ Ү, ಹೊಟ್ಟೆಗೆ ಅಡ್ಡಗೀಟಿನ Ө. ಅವುಗಳ ಜಾಗದಲ್ಲಿ ರಷ್ಯನ್ನರ У, О ಒತ್ತಿದರೆ ಅದೇ ಪದ ಕಳ್ಳತನವಾಗುತ್ತದೆ.

"ಗವ್ರೀಲ್ ಪೆತ್ರೋವಿಚ್, ನೀವೇ ಫೋನಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳ್ಸಿದ್ದಲ್ವಾ?" ಅವಳು ಪಕ್ಕದಲ್ಲಿ ನಿಂತಿದ್ದವನನ್ನು ಕೇಳಿದಳು.

"ಒಂದು ಗೀಟಿಗೆ ಇಷ್ಟು ರಂಪಾನಾ?" ಊರಿನ ಮುಖ್ಯಸ್ಥ ಸಿಡುಕಿದ. "ಜಿಲ್ಲೆಯ ಅಧಿಕಾರಿಗಳು ಬರೋಷ್ಟರಲ್ಲಿ ಸರಿಮಾಡು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

ಮಾರ್ಕರ್ ಪೆನ್ನು ಚಳಿಗೆ ಹೆಪ್ಪುಗಟ್ಟಿತ್ತು. ಅಜ್ಜಿ ಪಕ್ಕದ ತನ್ನ ಮನೆಯ ಒಲೆಯಿಂದ ಇದ್ದಿಲು ತಂದು ಏಣಿ ಹಿಡಿದಳು. "ಹುಷಾರು ಮಗಾ, ಇವನ ಸಂತೋಷಕ್ಕೆ ನೀನು ಸೊಂಟ ಮುರ್ಕೋಬೇಡ." ಕ್ಯುನ್ನೇಯ್ ಬಾಲಗಳನ್ನು ನೆಟ್ಟಗೆ ತಿದ್ದಿದಳು, ಹೊಟ್ಟೆಗೆ ಗೀಟೆಳೆದಳು. ಕಳ್ಳತನ ಸಂತೋಷವಾಯಿತು. ಕೆಲಸವೂ ಉಳಿಯಿತು.

ಜಿಲ್ಲೆಯವರು ಬಂದರು, ರಿಬ್ಬನ್ ಕತ್ತರಿಸಿದರು. ಒಳಗೆ ಹೋದರೆ ಹೊರಗಿನಷ್ಟೇ ಚಳಿ! ನೃತ್ಯಕ್ಕೆ ನಿಂತಿದ್ದ ಮಕ್ಕಳ ತುಟಿ ನೀಲಿಯಾಗಿತ್ತು. ಅಜ್ಜಿ ಭವನವನ್ನು ಬೆಚ್ಚಗಿಡಬೇಕಿದ್ದ ಗೋಡೆಯ ಬಿಸಿನೀರಿನ ಪೈಪು ಮುಟ್ಟಿ ನೋಡಿದಳು, ಮಂಜುಗಡ್ಡೆ. ಅದರ ಜಾಡು ಹಿಡಿದು ಹೋಗಿ ಮೂಲೆಯ ಪರದೆ ಸರಿಸಿದಳು. ಪೈಪು ಅಲ್ಲಿಗೇ ಮುಗಿದಿತ್ತು. ಯಾವುದಕ್ಕೂ ಜೋಡಿಸಿರಲಿಲ್ಲ.

"ಇದರ ಇನ್ನೊಂದು ತುದಿ ಎಲ್ಲಿ ಅಜ್ಜೀ?" ಕ್ಯುನ್ನೇಯ್ ಪಿಸುಗುಟ್ಟಿದಳು.

"ಮುಖ್ಯಸ್ಥನ ಹೊಸ ಮನೇಲಿರ್ಬೇಕು. ಅಲ್ಲಿ ಈ ಚಳೀಲೂ ಬನಿಯನ್ನಲ್ಲೇ ಓಡಾಡ್ತಾನಂತೆ."

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. ಪತ್ರಿಕೆಗೆ ಫೋಟೋ ತೆಗೆಯಬೇಕಿತ್ತು. ಮುಖ್ಯಸ್ಥ ಅತಿಥಿಗಳ ಜೊತೆ ಬ್ಯಾನರಿಗೆ ಬೆನ್ನು ಹಾಕಿ, ಕ್ಯಾಮೆರಾಗೆ ಹಲ್ಲು ಕಿರಿದು ನಿಂತಿದ್ದ. "ಏ ಹುಡುಗಿ, ಬ್ಯಾನರ್ ಸೊಟ್ಟಗಿದೆಯಂತೆ. ಹತ್ತಿ ಸರಿಮಾಡು!"

ಕ್ಯುನ್ನೇಯ್ ಏಣಿ ಹತ್ತಿದಳು. ಬ್ಯಾನರಿನ ಒಂದು ತುದಿ ಎಳೆದು ಕಟ್ಟಿದಳು. ಕೆಳಗೆ ಏಣಿ ಹಿಡಿದಿದ್ದ ಅಜ್ಜಿಯನ್ನು ಒಮ್ಮೆ ನೋಡಿದಳು. ಆಮೇಲೆ ಅಕ್ಷರಗಳ ಮೇಲೆ ಕೈಗವಸು ಆಡಿಸಿದಳು, ಮೆಲ್ಲಗೆ, ಧೂಳು ಒರೆಸಿದ ಹಾಗೆ.

"ಸರಿಯಾಯ್ತೇನೇ?" ಮುಖ್ಯಸ್ಥ ತಿರುಗದೆಯೇ ಕೇಳಿದ.

ಅವಳ ಬಿಳೀ ಕೈಗವಸಿಗೆ ಇದ್ದಿಲಿನ ಮಸಿ ಮೆತ್ತಿತ್ತು.

"ಈಗ ಸರಿಯಾಯ್ತು, ಗವ್ರೀಲ್ ಪೆತ್ರೋವಿಚ್. ಒಂದಕ್ಷರಾನೂ ತಪ್ಪಿಲ್ಲ."