ಹೊಸಿಲ ಗೋಣಿತಾಟು

"ಅಲ್ಲೇ ನಿಂತ್ಕೊಳಮ್ಮ, ಒಳಕ್ ಬರ್ಬೇಡ!"

ಅಶ್ವತ್ಥಮ್ಮನ ಕೂಗಿಗೆ ಸುಗುಣಳ ಕಾಲು ರೇಷ್ಮೆ ಹುಳುಮನೆಯ ಹೊಸಿಲ ಮೇಲೇ ನಿಂತಿತು. ಎಂಟು ವರ್ಷದ ಮೊಮ್ಮಗಳು ಒಂದೂವರೆ ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ಆ ಬೆಳಿಗ್ಗೆಯಷ್ಟೇ ಮನೆಗೆ ಬಂದಿದ್ದಳು. ಕೂದಲು ಉದುರಿದ ತಲೆಗೆ ಅಮ್ಮನ ಸೀರೆಯ ತುಂಡು ಸುತ್ತಿತ್ತು. ಕೈಯಲ್ಲಿ ನಾಲ್ಕು ಹಿಪ್ಪುನೇರಳೆ ಎಲೆ.

"ಒಂದೇ ಒಂದ್ ತಟ್ಟೆಗೆ ಸೊಪ್ಪು ಹಾಕ್ತೀನಿ ಅಜ್ಜಿ."

"ಬೇಡ ಕಣಮ್ಮ. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದವೆ ಹುಳ. ನಿನ್ ಕಾಯ್ಲೆ ತಗುಲಿದ್ರೆ ತಟ್ಟೆ ತಟ್ಟೇನೇ ತಿಪ್ಪೆಗೆ ಸುರೀಬೇಕಾಗ್ತದೆ."

ಮಗು ಎಲೆಗಳನ್ನು ಹೊಸಿಲ ಬಳಿ ಇಟ್ಟು ಹೋಯಿತು. ಅಶ್ವತ್ಥಮ್ಮ ಆ ಎಲೆಗಳನ್ನು ಮುಟ್ಟದೆ ಬೇರೆ ಸೊಪ್ಪು ಹರಡತೊಡಗಿದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಬೆಳೆಗೆ ಹುಳು ಸೊರಗಿ ಸಾಯುವ ಸಪ್ಪೆ ರೋಗ ಬಿದ್ದಿರಲಿಲ್ಲ. ಕಾಯಿಲೆಯವರನ್ನು ಅವಳು ಎಂದೂ ಒಳಗೆ ಬಿಟ್ಟವಳಲ್ಲ. ಮಿಕ್ಕವರು ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಾಟನ್ನು ತುಳಿದೇ ಬರಬೇಕು.

ಸೊಸೆ ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದು ನಿಂತಳು. "ಅತ್ತೆ, ಅವಳ ಕಾಯ್ಲೆ ಯಾರಿಗೂ ತಗಲಲ್ಲ. ಹುಳಕ್ಕೂ ತಗಲಲ್ಲ."

"ಮತ್ ಅವಳಿಗೆ ಎಲ್ಲಿಂದ ಬಂತೇ? ನಾನ್ ಇಲ್ಲಿ ಹೊಡೆಯೋ ಔಷ್ದಿ ಗಾಳಿಗೇನಾದ್ರೂ..." ಈ ಮಾತು ಅಶ್ವತ್ಥಮ್ಮನ ಗಂಟಲಲ್ಲಿ ಒಂದೂವರೆ ತಿಂಗಳಿಂದ ಇತ್ತು.

"ನಾನೂ ಕೇಳ್ದೆ. ಇಂಥಾದ್ರಿಂದಾನೇ ಬಂತು ಅಂತ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ರಕ್ತದಲ್ಲಿ ಬಿಳಿಕಣ ಅಂತ ಇರ್ತವಂತೆ, ರೋಗ ತಡೆಯೋವು. ಇವಳಿಗೆ ಬಲೀದೇ ಇರೋವೇ ರಾಶಿ ರಾಶಿ ಹುಟ್ಕೊಂಡು ಒಳ್ಳೇವಕ್ಕೆ ಜಾಗಾನೇ ಇಲ್ದಂಗಾಗಿತ್ತು. ಅದಕ್ಕೇ ಜ್ವರ ಬಿಡ್ತಿರ್ಲಿಲ್ಲ, ಮೈಯೆಲ್ಲಾ ನೀಲಿಗಟ್ತಿತ್ತು, ಒಸಡಲ್ಲಿ ರಕ್ತ ಬರ್ತಿತ್ತು. ಇಂಜೆಕ್ಷನ್ನು ಕೆಟ್ಟೋವ್ನ ಕೊಲ್ತದೆ, ಜೊತೆಗೆ ಒಳ್ಳೇವ್ನೂ ಕೊಲ್ತದೆ. ಇನ್ನೂ ಎರಡು ವರ್ಷ ಔಷ್ದಿ ಕೊಡ್ಬೇಕು. ವಾಸಿಯಾದ ಮಕ್ಕಳು ಎಷ್ಟೋ ಇದಾರಂತೆ. ಆದ್ರೆ ಈಗ ಒಂದ್ ನೆಗಡಿ ತಡ್ಕೊಳೋ ಶಕ್ತೀನೂ ಅವಳ ಮೈಲಿಲ್ಲ."

"ಅಂದ್ರೆ... ಅವಳಿಂದ ನಮಗಲ್ಲ?"

"ನಮ್ಮಿಂದ ಅವಳಿಗೆ, ಅತ್ತೆ."

ಆಗಲೇ ನಡುಮನೆಯ ಕೋಣೆಯಿಂದ ಕೆಮ್ಮು ಕೇಳಿಸಿತು. ಮಗುವನ್ನು ನೋಡಲು ಬಂದ ಪಕ್ಕದ ಮನೆಯ ಮುನಿಗಂಗಪ್ಪ. ಅವನನ್ನು ಮಗುವಿನ ಮಂಚದ ಮೇಲೆ ಕೂರಿಸಿ ಕಾಫಿ ಕೊಟ್ಟವಳು ಅಶ್ವತ್ಥಮ್ಮನೇ. ಸೊಪ್ಪು ಹರಡುತ್ತಿದ್ದ ಅವಳ ಕೈ ನಿಂತಿತು. ಪ್ರತಿ ಬೆಳೆಯಲ್ಲೂ ಮೊಟ್ಟೆಯೊಡೆದು ಬಂದ ಇರುವೆಯಷ್ಟು ಎಳೆ ಹುಳುಗಳನ್ನು ಅವಳು ಬೆರಳಿಂದ ಮುಟ್ಟುತ್ತಿರಲಿಲ್ಲ, ಹಕ್ಕಿಗರಿಯಿಂದ ಎತ್ತುತ್ತಿದ್ದಳು.

ಬಾಗಿ ಗೋಣಿತಾಟನ್ನು ಎತ್ತಿಕೊಂಡಳು. ನೀರು ತೊಟ್ಟಿಕ್ಕುತ್ತಲೇ ನಡುಮನೆ ದಾಟಿ ಮಗುವಿನ ಕೋಣೆಯ ಹೊಸಿಲಿಗೆ ಹಾಸಿದಳು.

"ಏಳಪ್ಪ ಮುನಿಗಂಗಪ್ಪ. ಜಗಲೀಲಿ ಕೂತ್ಕೊ, ಕಿಟಕಿಲಿ ನೋಡೀವಂತೆ."

"ಇದೇನಮ್ಮ! ನಾನೇನ್ ನಿನ್ ಹುಳಕ್ಕೆ ದೃಷ್ಟಿ ಹಾಕಕ್ ಬಂದೀನಾ?" ನಕ್ಕ ಮುನಿಗಂಗಪ್ಪ ಅವಳ ಮುಖ ನೋಡಿ ಎದ್ದು ಹೊರಟ.

"ಅಜ್ಜಿ, ನೀನ್ ಬಾ ಒಳಕ್ಕೆ," ಎಂದಳು ಸುಗುಣ.

ಕಾಲೆತ್ತಿದ ಅಶ್ವತ್ಥಮ್ಮನಿಗೆ ತನ್ನ ಕೈ ಕಂಡಿತು. ಉಗುರಿನ ಸಂದಿಯಲ್ಲಿ ಸೊಪ್ಪಿನ ಹಸಿರು, ಹುಳುವಿನ ಹಿಕ್ಕೆ. ಎತ್ತಿದ ಕಾಲು ಹೊಸಿಲ ಮೇಲೇ ನಿಂತಿತು.