ಕೇಕ್ ತಂದವಳು

ಲಿಫ್ಟಿನ ಬಾಗಿಲು ತೆರೆಯಿತು. ಎರಡೂ ಕೈಯಲ್ಲಿ ದೊಡ್ಡ ಕೇಕಿನ ಡಬ್ಬಿ ಹಿಡಿದು ಡಾಕ್ಟರ್ ಸಿಗ್ನೆ ಹೊರಬಂದಳು. ಮಕ್ಕಳ ವಾರ್ಡಿನ ಹಿರಿಯ ನರ್ಸ್ ಮೆರೆಟೆ ಗಾಬರಿಯಿಂದ ಲೆಕ್ಕ ಹಾಕತೊಡಗಿದಳು.

ಸಿಗ್ನೆಯ ಹುಟ್ಟುಹಬ್ಬ ಆಗಸ್ಟಿನಲ್ಲಿ. ಇದಿನ್ನೂ ಮೇ. ಮದುವೆಯಾಗಿಲ್ಲ, ಮನೆ ಕೊಂಡಿಲ್ಲ. ಡೆನ್ಮಾರ್ಕಿನ ಆಸ್ಪತ್ರೆಯಲ್ಲಿ ಸುಮ್ಮಸುಮ್ಮನೆ ಯಾರೂ ಅಷ್ಟು ದೊಡ್ಡ ಕ್ರೀಮ್ ಕೇಕ್ ತರುವುದಿಲ್ಲ. ಕೆಲಸ ಬಿಟ್ಟು ಹೋಗುವವರು ತರುತ್ತಾರೆ. ಉಳಿಯುವವರು ತಿನ್ನುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಮರುದಿನ ಡ್ಯೂಟಿ ಪಟ್ಟಿ ನೋಡಿ ಬೈದುಕೊಳ್ಳುತ್ತಾರೆ.

“ಮಧ್ಯಾಹ್ನದ ಕಾಫಿಗೆ ಎಲ್ರೂ ಬರಬೇಕಂತೆ,” ಎಂದಳು ಸಿಗ್ನೆ. ಕಣ್ಣು ಕೆಂಪಗಿತ್ತು. ಡಬ್ಬಿಯನ್ನು ಫ್ರಿಜ್ಜಿಗೆ ತಳ್ಳಿ ಸರಸರ ನಡೆದುಬಿಟ್ಟಳು.

ಮಕ್ಕಳ ವೈದ್ಯೆಯಾಗುವ ಅವಳ ತರಬೇತಿ ಆ ವಾರಕ್ಕೆ ಮುಗಿಯುತ್ತಿತ್ತು. ಮುಂದೆ ಎರಡು ದಾರಿ. ಒಂದು, ಇದೇ ವಾರ್ಡಿನಲ್ಲಿ ತಜ್ಞೆಯಾಗಿ ಉಳಿಯುವುದು. ಇನ್ನೊಂದು, ಆರ್ಹುಸ್ ನಗರದ ಖಾಸಗಿ ಅಲರ್ಜಿ ಕ್ಲಿನಿಕ್. ಅವರೇ ಫೋನ್ ಮಾಡಿ ಕರೆದಿದ್ದರು. ರಾತ್ರಿ ಪಾಳಿ ಇಲ್ಲ, ಭಾನುವಾರ ಕೆಲಸವಿಲ್ಲ. ಅಲ್ಲಿಯ ಮಕ್ಕಳು ಮೈ ಕೆರೆದುಕೊಳ್ಳುತ್ತವೆ, ಸಾಯುವುದಿಲ್ಲ.

ಅವಳಿಗಿಂತ ಮುಂಚೆ ಬಂದ ಇಬ್ಬರು ಹೀಗೇ ಕೇಕ್ ತಂದಿಟ್ಟು ಓಡಿದ್ದರು. ಒಬ್ಬ ಕಣ್ಣಿನ ವಿಭಾಗಕ್ಕೆ, ಇನ್ನೊಬ್ಬಳು ಎಕ್ಸ್‌ರೇಗೆ. ಎಕ್ಸ್‌ರೇ ಚಿತ್ರಗಳು ಅಳುವುದಿಲ್ಲವಲ್ಲ. ಆದರೆ ಸಿಗ್ನೆ ಬೇರೆ. ಅವಳ ಕೈ ಸೋಕಿದರೆ ಎಂಥ ರಚ್ಚೆ ಹಿಡಿದ ಮಗುವೂ ತೆಪ್ಪಗಾಗುತ್ತಿತ್ತು. ಅವಳು ಉಳಿಯಬೇಕು ಎನ್ನುವುದೊಂದೇ ಮೆರೆಟೆಯ ಆಸೆ.

ಓಡಿಸಿದವನು ಯಾರೆಂದೂ ಮೆರೆಟೆಗೆ ಗೊತ್ತಿತ್ತು. ಮುಖ್ಯ ವೈದ್ಯ ಎಸ್ಕಿಲ್ಡ್! ಸಿಗ್ನೆ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಎದ್ದರೆ ಸಾಕು, “ಮತ್ತೊಂದ್ ಸಲ ಕೇಳು” ಎನ್ನುತ್ತಿದ್ದ. ಅವಳು ಕೇಳಿ ಹೇಳಿದ ಮೇಲೂ ಅದೇ ರಾಗ. ಹೊಗಳಿಕೆಯ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ಕಳೆದ ಚಳಿಗಾಲದಲ್ಲಿ, ಉಸಿರಾಟದ ತೊಂದರೆಯಿಂದ ಬಂದ ಹಸುಗೂಸು ಉಳಿಯಲಿಲ್ಲ. ಆ ಬೆಳಗ್ಗೆ ಬಟ್ಟೆ ಕೋಣೆಯೊಳಗಿಂದ ಬಿಕ್ಕುವ ಸದ್ದು ಕೇಳಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಸಿಗ್ನೆ ಬಂದಳು. ಅವಳ ಕೋಟಿನ ಭುಜ ಒದ್ದೆಯಾಗಿತ್ತು. ಮೆರೆಟೆ ಏನೂ ಕೇಳದೆ ಬೇರೆ ಕೋಟು ಕೊಟ್ಟಳು. ಅವನೇ ಬೈದು ಅಳಿಸಿರಬೇಕೆಂದು, ಆ ಕ್ಷಣದಿಂದಲೇ ಅವಳು ಎಸ್ಕಿಲ್ಡನ ಮೇಲೆ ಹಲ್ಲು ಮಸೆಯತೊಡಗಿದ್ದು.

ಈಗ ಮೆರೆಟೆ ನೇರ ಅವನ ಕೋಣೆಗೆ ನುಗ್ಗಿದಳು. ವಿಚಿತ್ರ! ಅವನ ಕುರ್ಚಿಯಲ್ಲಿ ಸಿಗ್ನೆ ಕೂತಿದ್ದಳು. ಅವನು ನಿಂತಿದ್ದ. ಇಂಜೆಕ್ಷನ್ ಹೊತ್ತಿನಲ್ಲಿ ಮಕ್ಕಳ ಕಣ್ಣು ಬೇರೆಡೆ ಸೆಳೆಯಲು ತಾನು ಆಡಿಸುವ ಮರದ ಬಾತುಕೋಳಿಯನ್ನು ಅವಳ ಅಂಗೈಗೆ ಹಾಕುತ್ತಿದ್ದ. ಅದನ್ನು ಬೇರೆಯವರು ಮುಟ್ಟಿದರೂ ಉರಿದುಬೀಳುತ್ತಿದ್ದ ಮನುಷ್ಯ! ಸಿಗ್ನೆ ತಲೆ ತಗ್ಗಿಸಿ ಹೊರಗೆ ಹೋದಳು.

“ಉಡುಗೊರೆ ಕೊಟ್ಟು ಕಳಿಸಿಬಿಟ್ರೆ ಆಯ್ತಾ?” ಮೆರೆಟೆ ಗುಡುಗಿದಳು. “ಇರು ಅಂತ ಹೇಳೋಕೆ ಬಾಯಿಗೇನು ಬೀಗ ಬಿದ್ದಿದೆಯಾ?”

“ಅವಳ ತೀರ್ಮಾನ ಆಗಿದೆ, ಮೆರೆಟೆ. ನಾನು ಅಡ್ಡ ಬರಲ್ಲ.”

“ನೀನು ಕಲ್ಲು ಕಣೋ!”

ಎಸ್ಕಿಲ್ಡ್ ಕಿಟಕಿಯತ್ತ ತಿರುಗಿದ. “ಇಷ್ಟು ವರ್ಷ ಇಲ್ಲಿ ಬೆಂದಮೇಲೆ ರಾತ್ರಿ ನೆಮ್ಮದಿಯಾಗಿ ಮಲಗಬೇಕು ಅನ್ನಿಸೋದು ತಪ್ಪಾ, ಹೇಳು?”

ಮೆರೆಟೆ ಬಾಗಿಲನ್ನು ದಢಾರನೆ ಎಳೆದುಕೊಂಡು ಬಂದಳು. ಔಷಧಿ ಕೋಣೆಯಲ್ಲಿ ಸಿಗ್ನೆಯನ್ನು ಹಿಡಿದಳು.

“ನನಗೊಂದು ಮಾತು ಮುಂಚೆ ಹೇಳಬಾರ್ದಿತ್ತೇನೆ?”

“ನಾನು ಹೇಳೋ ಹಾಗಿಲ್ಲ ಮೆರೆಟೆ. ಕಾಫಿ ಹೊತ್ತಿಗೆ ಗೊತ್ತಾಗತ್ತೆ.”

“ಗೊತ್ತಾಗೋಕೆ ಇನ್ನೇನಿದೆ? ಫ್ರಿಜ್ಜಲ್ಲೇ ಕೂತಿದೆಯಲ್ಲ!”

ಸಿಗ್ನೆಗೆ ನಗು ಬಂತು, ಜೊತೆಗೆ ಅಳುವೂ ಬಂತು. ಮೆರೆಟೆಯ ಕೆನ್ನೆಗೊಂದು ಮುತ್ತು ಕೊಟ್ಟು ಓಡಿದಳು. ಹೋಗುವವರೆಲ್ಲ ಹೀಗೆಯೇ, ಕೊನೇ ದಿನ ಪ್ರೀತಿ ಉಕ್ಕಿಬರುತ್ತದೆ ಎಂದುಕೊಂಡಳು ಮೆರೆಟೆ. ಅವಳಿಗೆ ನಿಜಕ್ಕೂ ಸಂಕಟವಾಗಿತ್ತು.

ಮಧ್ಯಾಹ್ನ ಕಾಫಿ ಕೋಣೆ ತುಂಬಿತು. ಮೇಜಿನ ಮೇಲೆ ಕೇಕ್, ಅದರ ಮೇಲೆ ಸ್ಟ್ರಾಬೆರಿ. ಯಾರಾದರೂ ಚಾಕು ಮುಟ್ಟುವ ಮುಂಚೆಯೇ ಮೆರೆಟೆ ಎದ್ದು ನಿಂತಳು.

“ಎಲ್ರೂ ಕೇಳಿಸ್ಕೊಳ್ಳಿ. ಸಿಗ್ನೆಯಂಥ ಡಾಕ್ಟರ್ ಈ ವಾರ್ಡಿಗೆ ಇನ್ನು ಸಿಗಲ್ಲ. ಅವಳು ಹೋಗ್ತಿರೋದು ಆರ್ಹುಸ್ ಮೇಲಿನ ಆಸೆಗಲ್ಲ, ಈ ಪುಣ್ಯಾತ್ಮನ ಕಾಟಕ್ಕೆ!” ಅವಳ ಬೆರಳು ಎಸ್ಕಿಲ್ಡನ ಮೂಗಿನ ನೇರಕ್ಕಿತ್ತು. “ಒಂದೇ ಒಂದು ಸಲ ಭೇಷ್ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಸಿಗ್ನೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಎಸ್ಕಿಲ್ಡ್ ನಿಧಾನವಾಗಿ ಎದ್ದು, ಚಾಕು ಎತ್ತಿಕೊಂಡು, ಕೇಕನ್ನು ತಾನೇ ಕತ್ತರಿಸಿದ. ಮೊದಲ ತುಂಡು ಮೆರೆಟೆಯ ತಟ್ಟೆಗೆ ಬಿತ್ತು.

“ಸೈಕಲ್ ಮೇಲೆ ಇಷ್ಟು ದೊಡ್ಡ ಕೇಕ್ ತರೋಕಾಗಲ್ಲ, ಅದಕ್ಕೇ ಇವಳ ಕಾರಲ್ಲಿ ತರಿಸಿದೆ,” ಎಂದ. “ಆ ಕೂಸು ಹೋದಾಗಿನಿಂದ ನನಗೆ ನಿದ್ದೆಯಿಲ್ಲ, ಮೆರೆಟೆ. ಆ ಬೆಳಗ್ಗೆ ಇವಳ ಭುಜ ಒದ್ದೆ ಮಾಡಿದವನೇ ನಾನು. ಸಿಗ್ನೆ ಇಲ್ಲೇ ಇರ್ತಾಳೆ. ಇವಳು ಭೇಷ್ ಅಂತ ನನಗೆ ಮೊದಲ ದಿನದಿಂದ ಗೊತ್ತಿತ್ತು.”

ಅವನು ಚಾಕು ಕೆಳಗಿಟ್ಟ.

“ಆರ್ಹುಸ್‌ಗೆ ಹೋಗ್ತಿರೋದು ನಾನು. ‘ನನಗೆ ಬೇಡ, ನಮ್ಮ ಎಸ್ಕಿಲ್ಡನ್ನ ಕರ್ಕೊಳ್ಳಿ’ ಅಂತ ಅವರಿಗೆ ಹೇಳಿದ್ದೇ ಇವಳು.”