ಬೆಳಚಿನ ನೀರು

ಭೀಮಶಿ ಘಟ್ಟದ ಮೇಲಿನ ತಂಬೂರಿನಲ್ಲಿ ಬಸ್ಸಿಳಿದು ಅಂಗಳಕ್ಕೆ ಬಂದಾಗ ಹೆಗಲ ಮೇಲಿನ ಗೋಣಿಚೀಲದಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಹೆಂಡತಿ ನೀಲಾ ತುಂಬು ಬಸುರಿ. ಅವಳ ತವರು ಅಂಕೋಲೆಯ ಕಡೆ, ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ. ಹುಳಿ, ಸಿಹಿ ಯಾವುದೂ ಬೇಡವಾಗಿ ಅವಳಿಗೆ ಹತ್ತಿದ್ದು ಒಂದೇ ಬಯಕೆ: ಅಪ್ಪ ಅಳಿವೆಯಲ್ಲಿ ಮುಳುಗಿ ಹೆಕ್ಕುವ ಚಿಪ್ಪುಮೀನು, ಬೆಳಚು. ಅದನ್ನು ತರಲೆಂದೇ ಭೀಮಶಿ ಘಟ್ಟ ಇಳಿದು ಹೋಗಿದ್ದ.

ಅವನ ತಾಯಿ ಸಾವಂತ್ರೆವ್ವ ಚೀಲದೊಳಗೆ ಇಣುಕಿದಳು. "ಇದೇನಲೇ, ಕಲ್ಲು ಹೊತ್ಕೊಂಡು ಬಂದೀ?"

"ಕಲ್ಲಲ್ಲ ಯವ್ವಾ, ಚಿಪ್ಪು. ಒಳಗ ಜೀವ ಐತಿ."

ನೀಲಾ ಪರಾತಿನಲ್ಲಿ ಉಪ್ಪುನೀರು ಕಲಸಿ ಬೆಳಚುಗಳನ್ನು ಬಿಟ್ಟಳು. "ಬೆಳತನಕ ಹಿಂಗ ಇರಲ್ರಿ ಅತ್ತಿ. ಒಳಗಿನ ಉಸುಕು ಉಗುಳತಾವ." ಸಂಜೆ ಇಳಿಯುತ್ತಿದ್ದಂತೆ ಚಿಪ್ಪುಗಳು ಒಂದೊಂದಾಗಿ ಬಾಯಿ ತೆರೆದವು. ಒಂದು ಚಿಮ್ಮಿಸಿದ ನೀರು ಸಾವಂತ್ರೆವ್ವನ ಗಲ್ಲಕ್ಕೆ ಬಿತ್ತು. ಮುದುಕಿ ಬೆಚ್ಚಿ, ನಕ್ಕು, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ನೀಲಾ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಆಚೆ ಹೊಲದಲ್ಲಿ ಕೊಯ್ಲಿಗೆ ನಿಂತ ಗೋವಿನಜೋಳ ಗಾಳಿಗೆ ಸರಬರ ಅನ್ನುತ್ತಿತ್ತು. ಅವಳಿಗೆ ಅದು ನೀರು ಏರುವ ಸದ್ದು. ಅಂಗಾಲ ಕೆಳಗೆ ಮೆತ್ತನೆ ಉಸುಕು ಜಾರಿತು. ತೊಡೆಮಟ್ಟ ನೀರಿನಲ್ಲಿ ಅಪ್ಪನ ಹಿಂದೆ ನಡೆಯುತ್ತಿದ್ದಳು, ಕಾಲ್ಬೆರಳಿನಿಂದ ಬೆಳಚು ತಡವುತ್ತ. ಹೊಟ್ಟೆಯೊಳಗಿನ ಕೂಸು ನಿಧಾನ ಮಗ್ಗಲು ಬದಲಿಸಿತು, ತಾನೂ ಆ ನೀರಿನಲ್ಲೇ ಇರುವ ಹಾಗೆ.

ಬೆಳಗ್ಗೆ ಪರಾತಿನ ತಳದಲ್ಲಿ ಉಸುಕು ಕೂತಿತ್ತು. ಉಸುಕಿನ ಮೇಲೆ ಕೂದಲಿಗಿಂತ ಸಣ್ಣ ಎಳೆಗಳು. ನೀಲಾ ಒಂದನ್ನು ಬೆರಳ ತುದಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದಳು.

"ಚೀಲದ್ದಿರಬೇಕು ಬಿಡು," ಅಂದ ಭೀಮಶಿ.

"ಗೋಣಿ ನೀಲಿ ಇರತೈತೇನ್ರಿ?"

ಒಂದು ಬೆಳಚನ್ನು ಈಳಿಗೆಗೆ ಹಚ್ಚಿ ಸೀಳಿದಳು. ಮೆತ್ತನೆ ಮಾಂಸದೊಳಗೂ ಒಂದು ನೀಲಿ ಎಳೆ ಸುರುಳಿ ಸುತ್ತಿ ಮಲಗಿತ್ತು. ಅಪ್ಪನಿಗೆ ಫೋನ್ ಹಚ್ಚಿದಳು.

"ಪ್ಲಾಸ್ಟಿಕ್ಕು ಮಗಾ," ಅಂದ ಅಪ್ಪ. "ಕಲಿತವರು ಬಂದು ನೋಡಿ ಹೋಗಿದ್ರು. ಕಣ್ಣಿಗೆ ಕಾಣದ್ದು ಇನ್ನೂ ರಾಶಿ ಅದೆಯಂತೆ. ನೀನು ಬಸುರಿ, ಬಾಯಿಬಿಟ್ಟು ಕೇಳಿದಿ. ಇಲ್ಲ ಅನ್ನೂಕೆ ಮನಸಾಗಲಿಲ್ಲ. ತಿನ್ಬೇಡ ಬಿಡು."

"ನೀವು?"

"ನಾವು ದಿನಾ ತಿಂತೇವಲ್ಲ."

"ಎಲ್ಲಿಂದ ಬರ್ತದಪ್ಪಾ ಇದು?"

"ಸಮುದ್ರ ತರ್ತದೆ. ಹೊಳೆನೂ ತರ್ತದೆ, ನಿಮ್ಮ ಮೇಲಿಂದ."

ಭೀಮಶಿಗೆ ಎಲ್ಲವೂ ಕೇಳಿಸಿತ್ತು. ಅಂಗಳದ ಕೆಳಗೆ ಹರಿಯುವ ಹಳ್ಳ ಬೇಡ್ತಿಗೆ ಸೇರುತ್ತದೆ, ಬೇಡ್ತಿಯೇ ಘಟ್ಟ ಇಳಿದು ಗಂಗಾವಳಿ ಆಗುತ್ತದೆ. ಮದುವೆಯಲ್ಲಿ ಮಾವನೇ ಖುಷಿಯಿಂದ ಹೇಳಿದ ಮಾತು. ಅವನ ಕಣ್ಣು ಮೊದಲೇ ಕೊಯ್ದಿಟ್ಟ ಗೋವಿನಜೋಳದ ರಾಶಿಗೆ ಹೊದಿಸಿದ ನೀಲಿ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ನಿಂತಿತು. ಬಿಸಿಲಿಗೆ ಸವೆದ ಅಂಚು ಎಳೆ ಎಳೆಯಾಗಿ ಗಾಳಿಯಲ್ಲಿ ಅಲ್ಲಾಡುತ್ತಿತ್ತು. ಎದ್ದು ಹೋಗಿ ಮಡಚಲು ನೋಡಿದ. ಮುಟ್ಟಿದಲ್ಲೆಲ್ಲ ಅದು ನೀಲಿ ಹುಡಿಯಾಗಿ ಉದುರಿ ಅಂಗೈಗೆ ಮೆತ್ತಿತು. ಕೈ ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ನಿಂತ.

ಸೊಸೆಯ ಕಣ್ಣಲ್ಲಿ ನೀರು ಕಂಡು ಸಾವಂತ್ರೆವ್ವ ಪರಾತನ್ನು ಎರಡೂ ಕೈಯಲ್ಲಿ ಎತ್ತಿದಳು. "ಬಿಡವ್ವಾ, ಬ್ಯಾರೆ ಏನರ ಮಾಡಿ ಹಾಕತೇನಿ. ಇದನ್ನ ಹಳ್ಳಕ್ಕ ಚೆಲ್ಲಿ ಬರತೇನಿ."

"ಹಳ್ಳಕ್ಕ ಬ್ಯಾಡ್ರಿ ಅತ್ತಿ!" ನೀಲಾ ಚೀರಿದಳು. "ಅದು ನಮ್ಮವ್ವನ ಮನಿಗೆ ಹೋಗತೈತಿ."

ಮುದುಕಿ ನಿಂತಳು. ಹಿತ್ತಲ ಕಡೆ ತಿರುಗಿದಳು, ಅಲ್ಲಿ ಬಾವಿ. ಈ ಕಡೆ ತಿಪ್ಪಿ. ಅದರ ಗೊಬ್ಬರ ಹೊಲಕ್ಕೇ ಹೋಗಬೇಕು. ಅತ್ತಿತ್ತ ತಿರುಗುವಾಗ ಪರಾತಿನ ನೀರು ಅಂಚಿನವರೆಗೆ ತುಳುಕಿತು. ಒಳಗೆ ಬೆಳಚುಗಳು ಇನ್ನೂ ಮೆಲ್ಲಗೆ ಬಾಯಿ ತೆರೆದು ಮುಚ್ಚುತ್ತಿದ್ದವು.

"ಹಂಗಾರ ಎಲ್ಲಿ ಚೆಲ್ಲಲಿ," ಅಂದಳು ಸಾವಂತ್ರೆವ್ವ, "ನೀನ ಹೇಳು."